ಅಕ್ಕನ ಬಾವಲಿ ಮರ

ದೀಪ ಹಚ್ಚುವ ಹೊತ್ತಿಗೆ ಅಂಗಡಿಯಿಂದ ಹೊರಗೆ ಬಂದು ಆಕಾಶ ನೋಡುವ ಚಟವೊಂದು ನನಗೆ ಅಂಟಿಕೊಂಡಿದೆ. ಹೊನ್ನಾಳಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಅಂಗಡಿ ಎಂದ ಕೂಡಲೇ ದೊಡ್ಡದನ್ನು ಕಲ್ಪಿಸಿಕೊಳ್ಳಬೇಡಿ. ಎರಡು ಮಷಿನ್ನು, ಒಂದು ಕನ್ನಡಿ, ಅಳತೆಗೆ ಕೊಟ್ಟು ಹೋದ ರವಿಕೆಗಳ ಗಂಟು, ಅಷ್ಟೇ. ಬಿಸಿಲು ಇಳಿದು ಹೊಳೆಯ ಕಡೆಯ ಆಕಾಶ ಕೆಂಪಗಾಗುತ್ತಿದ್ದಂತೆ ನಾನು ಕುತ್ತಿಗೆಯಲ್ಲಿ ನೇತಾಡುವ ಟೇಪಿನ ಸಮೇತ ರಸ್ತೆಗೆ ಬಂದು ಕತ್ತೆತ್ತಿ ನಿಲ್ಲುತ್ತೇನೆ. ಎದುರಿನ ಬೇಕರಿಯವನು ಮಳೆ ಬರುತ್ತದೆಯೇ ಎಂದು ಕೇಳುತ್ತಾನೆ. ಪಕ್ಕದ ಫ್ಯಾನ್ಸಿ ಸ್ಟೋರಿನವಳು ನಾನು ಸೂರ್ಯನಿಗೆ ಕೈ ಮುಗಿಯುತ್ತಿದ್ದೇನೆ ಎಂದು ತಿಳಿದು ತಾನೂ ಬಂದು ಮುಗಿದು ಹೋಗುತ್ತಾಳೆ. ಒಮ್ಮೆ ಅಳತೆ ಕೊಡುತ್ತಿದ್ದ ಹೆಂಗಸನ್ನು ಕನ್ನಡಿಯ ಮುಂದೆ ಕೈ ಎತ್ತಿಸಿ ನಿಲ್ಲಿಸಿ ಹೊರಗೆ ಬಂದುಬಿಟ್ಟಿದ್ದೆ.

"ಸರೋಜಕ್ಕಾ, ನೀವು ವಿಮಾನ ನೋಡಿ ಬರಾಕೆ ಹೋದ್ರೆ ನಾನು ಹಿಂಗೇ ಕೈ ಎತ್ಕೊಂಡು ಎಷ್ಟು ಹೊತ್ತು ನಿಂದ್ರಲಿ?" ಎಂದು ಅವಳು ಒಳಗಿಂದ ಕೂಗಿದಳು.

ವಿಮಾನವಲ್ಲ, ನಾನು ನೋಡುವುದು ಬಾವಲಿಗಳನ್ನು. ಹೊತ್ತು ಮುಳುಗಿದ ಮೇಲೆ ಹೊಳೆಯ ಆಚೆಯ ಯಾವುದೋ ಮರದಿಂದ ಅವು ಎದ್ದು, ಸೇತುವೆಯ ಮೇಲಿಂದ ಒಂದರ ಹಿಂದೆ ಒಂದು, ಗದ್ದಲವಿಲ್ಲದೆ ಹಾರಿ ಹೋಗುತ್ತವೆ. ಕಾಗೆಯ ಹಾಗೆ ಪಟಪಟ ಎನ್ನುವುದಿಲ್ಲ. ಒಣಗಿದ ಬಟ್ಟೆಯನ್ನು ಯಾರೋ ನಿಧಾನವಾಗಿ ಕೊಡವಿದ ಹಾಗೆ ರೆಕ್ಕೆ ಬಡಿಯುತ್ತವೆ. ಅವು ಬಂದವೋ ಇಲ್ಲವೋ, ಯಾವ ದಿಕ್ಕಿಗೆ ಹೋದವು ಎಂದು ನೋಡಿ ಅಕ್ಕನಿಗೆ ಫೋನು ಮಾಡಿ ಹೇಳುವುದು ನನ್ನ ಕೆಲಸವಾಗಿತ್ತು. ಅಕ್ಕ ತೀರಿಕೊಂಡು ವರ್ಷ ತುಂಬಿತು. ಈಗ ಕೇಳುವವರಿಲ್ಲ. ಆದರೂ ಆ ಹೊತ್ತಿಗೆ ಕತ್ತು ತಾನಾಗಿಯೇ ಮೇಲೇಳುತ್ತದೆ.

ನನ್ನ ಮಟ್ಟಿಗೆ ಹೇಳುವುದಾದರೆ ಬಾವಲಿ ಎಂದರೆ ನನಗೆ ಹೆದರಿಕೆ. ಇಷ್ಟು ವಯಸ್ಸಾದ ಮೇಲೂ ಸಂಜೆ ಬಾವಲಿ ನೋಡುವಾಗ ಸೆರಗನ್ನು ತಲೆಗೆ ಹೊದ್ದುಕೊಳ್ಳುತ್ತೇನೆ. ಕೂದಲಿಗೆ ಸಿಕ್ಕಿಕೊಂಡರೆ ಬಿಡಿಸಲಾಗುವುದಿಲ್ಲ, ಬೋಳಿಸಬೇಕಾಗುತ್ತದೆ ಎಂದು ಚಿಕ್ಕಂದಿನಲ್ಲಿ ಯಾರೋ ಹೇಳಿದ್ದರು. ಈ ಊರಿನಲ್ಲಾಗಲಿ ಆ ಊರಿನಲ್ಲಾಗಲಿ ಬಾವಲಿ ಸಿಕ್ಕಿಕೊಂಡು ತಲೆ ಬೋಳಿಸಿಕೊಂಡ ಒಬ್ಬ ಹೆಂಗಸನ್ನೂ ನಾನು ನೋಡಿಲ್ಲ. ಹೆದರಿಕೆಗೆ ಸಾಕ್ಷಿ ಬೇಕಾಗುವುದಿಲ್ಲ ನೋಡಿ.

ನಾವಿಬ್ಬರು ಹುಟ್ಟಿದ್ದು ಜಗಳೂರಿನ ಕಡೆ. ಅಲ್ಲಿ ದೊಡ್ಡ ಬಾವಲಿಗಳು ಕಡಿಮೆ. ಊರಾಚೆಯ ಹಾಳುಬಾವಿಯ ಕಲ್ಲುಸಂದುಗಳಲ್ಲಿ ಹೆಬ್ಬೆರಳಿನಷ್ಟು ಮೈಯ ಸಣ್ಣ ಬಾವಲಿಗಳಿದ್ದವು. ಸಂಜೆ ಶೇಂಗಾ ಹೊಲದ ಬದುವಿನಲ್ಲಿ ನಿಂತು ನಾವು ಮಕ್ಕಳು ಸಣ್ಣ ಹರಳುಗಳನ್ನು ಮೇಲಕ್ಕೆ ಎಸೆಯುತ್ತಿದ್ದೆವು. ಹುಳವೆಂದು ತಿಳಿದು ಬಾವಲಿ ಅದರ ಹಿಂದೆ ಸರ್ರನೆ ಎರಗುತ್ತಿತ್ತು. ಹತ್ತಿರ ಬಂದ ಮೇಲೆ ಮೋಸ ಗೊತ್ತಾಗಿ ತಿರುಗಿಕೊಳ್ಳುತ್ತಿತ್ತು. ಮತ್ತೆ ಎಸೆದರೆ ಮತ್ತೆ ಬರುತ್ತಿತ್ತು. ಎಲ್ಲರಿಗಿಂತ ಎತ್ತರಕ್ಕೆ ಎಸೆಯುತ್ತಿದ್ದವಳು ಅಕ್ಕ. ಆಟ ಮೊದಲು ನಿಲ್ಲಿಸುತ್ತಿದ್ದವಳೂ ಅವಳೇ.

"ಸಾಕು ಬಿಡ್ರೇ. ಅವೂ ಉಣ್ಣಾಕೆ ಬಂದಾವೆ. ಸುಳ್ಳು ಎಡೆ ಇಟ್ಟು ಎಷ್ಟು ಸಲ ಎಬ್ಬಿಸ್ತೀರಿ?" ಎನ್ನುತ್ತಿದ್ದಳು.

ಅಕ್ಕ ನನಗಿಂತ ಸಾಕಷ್ಟು ದೊಡ್ಡವಳು. ಹೆಸರು ಗೌರಮ್ಮ, ಊರಿನವರಿಗೆ ಗೌರಕ್ಕ. ಅವಳನ್ನು ನ್ಯಾಮತಿಯ ಕಡೆ, ಗೋವಿನಕೋವಿ ದಾಟಿ ಸ್ವಲ್ಪ ದೂರದ ಒಂದು ಸಣ್ಣ ಹಳ್ಳಿಗೆ ಕೊಟ್ಟರು. ಆಮೇಲೆ ನನ್ನನ್ನು ಹೊನ್ನಾಳಿಗೆ ಕೊಟ್ಟರು. ಹೊಳೆ ಇರುವ ಕಡೆ ಹೆಣ್ಣುಮಕ್ಕಳನ್ನು ಕೊಟ್ಟೆ ಎಂದು ನಮ್ಮಪ್ಪ ಬಹಳ ವರ್ಷ ಹೇಳಿಕೊಂಡು ತಿರುಗಿದ.

ಅಕ್ಕನ ಮನೆಯ ಹಿತ್ತಲಿಗೆ ಹೊಂದಿಕೊಂಡು, ಹಳ್ಳದ ದಂಡೆಗೆ, ಒಂದು ಆಲದ ಮರ. ಅದಕ್ಕೆ ಆಲದ ಮರ ಎಂದು ಯಾರೂ ಅನ್ನುತ್ತಿರಲಿಲ್ಲ. ಬಾವಲಿ ಮರ ಎಂದೇ ಹೆಸರು. ಹಗಲು ನೋಡಿದರೆ ಮರದ ತುಂಬ ಕಪ್ಪು ಕೊಡೆಗಳನ್ನು ಮಡಿಸಿ ತಲೆಕೆಳಗಾಗಿ ನೇತುಹಾಕಿದ ಹಾಗೆ ಕಾಣುತ್ತಿತ್ತು. ಮೊದಲ ಸಲ ಹೋದಾಗ ಅವು ಹಗಲೆಲ್ಲ ಸುಮ್ಮನೆ ಮಲಗುತ್ತವೆ ಎಂದುಕೊಂಡಿದ್ದೆ. ಎಲ್ಲಿಯ ಸುಮ್ಮನೆ! ಜಾಗಕ್ಕೆ ಜಗಳ, ಕಿರಿಚಾಟ, ಒಂದನ್ನೊಂದು ತಳ್ಳುವುದು, ಬಿಸಿಲೇರಿದರೆ ಒಂದು ರೆಕ್ಕೆಯಿಂದ ಗಾಳಿ ಬೀಸಿಕೊಳ್ಳುವುದು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ನಾವು ಮಾಡುವುದನ್ನೆಲ್ಲ ಅವು ಮಾಡುತ್ತಿದ್ದವು. ಜೊತೆಗೊಂದು ನಾತ. ನಾನು ಮೂಗು ಮುಚ್ಚಿಕೊಂಡರೆ ಅಕ್ಕನಿಗೆ ಸಿಟ್ಟು ಬರುತ್ತಿತ್ತು.

"ನಿನ್ನ ಬಸ್‌ಸ್ಟ್ಯಾಂಡಿನ ನಾತಕ್ಕಿಂತ ನನ್ನ ಮರದ ನಾತ ಏಸೋ ಪಾಲು ಚಲೋ ಐತೆ. ಉಂಡ ಹಣ್ಣಿನ ವಾಸನೆ ಅದು."

ಅದು ನಿಜವೇ. ಆ ಮರದ ಕೆಳಗೆ ನಿಂತರೆ ಆ ತಿಂಗಳು ಸುತ್ತಲಿನ ಸೀಮೆಯಲ್ಲಿ ಯಾವ ಹಣ್ಣು ಮಾಗಿದೆ ಎಂದು ತಿಳಿಯುತ್ತಿತ್ತು. ನೇರಳೆ ಬೀಜ, ಬೇವಿನ ಬೀಜ, ಅತ್ತಿಯ ಚರಟ. ಕಾರಹುಣ್ಣಿಮೆಯ ಆಸುಪಾಸಿಗೆ ಇಪ್ಪೆ ಬೀಜ. ಇಪ್ಪೆ ಮರಗಳು ಇದ್ದದ್ದು ಹಳೇ ರಸ್ತೆಯ ಬದಿಗೆ, ಗುಡ್ಡದ ಇಳಿಜಾರಿಗೆ, ಅಲ್ಲೊಂದು ಇಲ್ಲೊಂದು. ಬೇಸಿಗೆಯಲ್ಲಿ ಅವು ಹೂ ಬಿಟ್ಟಾಗ ಬಾವಲಿಗಳು ರಾತ್ರಿ ಹೋಗಿ ಸಿಹಿ ಹೂ ತಿಂದು ಮುಖದ ತುಂಬ ಹೂವಿನ ಪುಡಿ ಬಳಿದುಕೊಂಡು ಮರದಿಂದ ಮರಕ್ಕೆ ಅಲೆಯುತ್ತಿದ್ದವು. ಹಾಗೆ ಅಲೆದದ್ದರಿಂದಲೇ ಕಾಯಿ ಕಟ್ಟುತ್ತಿತ್ತಂತೆ. ಹಣ್ಣಾದ ಮೇಲೆ ಅವನ್ನು ಬಾಯಲ್ಲಿ ಕಚ್ಚಿಕೊಂಡು ಬಂದು, ಮೇಲಿನ ತಿರುಳು ತಿಂದು, ಬೀಜವನ್ನು ಕೆಳಗೆ ಹಾಕುತ್ತಿದ್ದವು. ಬೆಳಗಾದರೆ ನೆಲದ ಮೇಲೆ ಪಾಲಿಶ್ ಮಾಡಿದಂತೆ ಹೊಳೆಯುವ ಕಂದು ಬೀಜಗಳು. ಅಕ್ಕನೂ ಓಣಿಯ ಹೆಂಗಸರೂ ಪೊರಕೆ, ಮೊರ ಹಿಡಿದು ಬಂದು ಗುಡಿಸಿ, ಕೇರಿ, ಒಣಗಿಸಿ ಗಾಣಕ್ಕೆ ಹಾಕಿಸುತ್ತಿದ್ದರು. ಮರದ ಕೆಳಗೆ ಆ ವರ್ಷ ಬಿದ್ದ ಮೊದಲ ಬೊಗಸೆ ಬೀಜದ ಎಣ್ಣೆ ಊರ ಹನುಮಪ್ಪನ ದೀಪಕ್ಕೆ, ಉಳಿದದ್ದು ಗುಡಿಸಿದವರಿಗೆ. ಚಳಿಗಾಲದಲ್ಲಿ ತುಪ್ಪದ ಹಾಗೆ ಗಟ್ಟಿಯಾಗುವ ಎಣ್ಣೆ ಅದು. ಒಡೆದ ಹಿಮ್ಮಡಿಗೆ ಅದಕ್ಕಿಂತ ಒಳ್ಳೆಯ ಮದ್ದನ್ನು ನಾನಂತೂ ಕಂಡಿಲ್ಲ.

ಹೀಗಾಗಿ ಆ ಮರಕ್ಕೆ ಕಲ್ಲು ಎಸೆಯಬಾರದು, ದೀಪಾವಳಿಯಲ್ಲಿ ಅದರ ಹತ್ತಿರ ಪಟಾಕಿ ಹೊಡೆಯಬಾರದು ಎಂಬುದು ಊರಿನ ನಡೆ. ಯಾರೂ ಬೋರ್ಡು ಹಾಕಿರಲಿಲ್ಲ. ಬೋರ್ಡಿನ ಬದಲು ಅಕ್ಕ ಇದ್ದಳು. ಅವಳ ಪಕ್ಕದ ಮನೆಯ ಬಸಣ್ಣನಿಗೆ ಮಾತ್ರ ಬಾವಲಿಗಳೆಂದರೆ ಆಗುತ್ತಿರಲಿಲ್ಲ. ಅವನು ಹೊಸದಾಗಿ ತಂದಿದ್ದ ಬಿಳಿ ಕಾರಿನ ಮೇಲೆ ಅವು ದಿನಾ ನೇರಳೆ ಬಣ್ಣದ ಚಿತ್ತಾರ ಬಿಡಿಸುತ್ತಿದ್ದವು.

"ಗೌರಕ್ಕಾ, ನಿನ್ನ ಅಳಿಯಂದ್ರು ಮತ್ತೆ ನನ್ನ ಕಾರಿಗೆ ಅಭಿಷೇಕ ಮಾಡ್ಯಾರೆ ನೋಡು" ಎಂದು ಅವನು ಬೆಳಿಗ್ಗೆ ಕೂಗುವನು.

"ಮರ ನಿನ್ನ ಅಜ್ಜನಿಗಿಂತ ಹಳೇದು ಐತೆ. ನಿನ್ನ ಕಾರು ಹೋದ ತಿಂಗಳದ್ದು. ಯಾರು ಸರೀಬೇಕು ಹೇಳು" ಎಂದು ಅಕ್ಕ ಗುಡಿಸುತ್ತಲೇ ಹೇಳುವಳು. ಮರುದಿನ ಅವಳೇ ಒಂದು ಕೊಡ ನೀರು ತಂದು ಕಾರು ತೊಳೆದು ಕೊಡುತ್ತಿದ್ದುದೂ ಉಂಟು.

ಅಕ್ಕನ ಬಾವಲಿ ಪ್ರೀತಿ ನನಗೂ ಸ್ವಲ್ಪ ತಗುಲಿಕೊಂಡಿತು ಎನ್ನುವುದಕ್ಕೆ ಒಂದು ಉದಾಹರಣೆ ಇದೆ. ನನ್ನ ಅಂಗಡಿಯ ಹೆಸರಿನ ಹಲಗೆಯ ಹಿಂದೆ ಸಣ್ಣ ಬಾವಲಿಗಳು ಸೇರಿಕೊಂಡವು. ಇವು ಹಣ್ಣು ಮುಟ್ಟುವುದಿಲ್ಲ, ಸೊಳ್ಳೆ ನುಸಿ ತಿಂದು ಬದುಕುವ ಜಾತಿ. ಸಂಜೆ ದೀಪದ ಕಂಬದ ಸುತ್ತ ಊಟ ಮುಗಿಸಿ ಬಂದು ಹಲಗೆಯ ಹಿಂದೆ ಮಲಗುತ್ತಿದ್ದವು. ಒಂದು ದಿನ ಮದುವೆಯ ರೇಷ್ಮೆ ರವಿಕೆಯೊಂದನ್ನು ಬಾಗಿಲಿಗೆ ತೂಗುಹಾಕಿದ್ದೆ. ತೆಗೆದುಕೊಳ್ಳಲು ಬಂದ ಹುಡುಗಿಯ ತಾಯಿ ಬೆನ್ನಿನ ಭಾಗವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ಏನ್ರೀ ಇದು, ಜೀರಿಗೆ ಜೀರಿಗೆ ತರ? ನಾವು ಪ್ಲೇನ್ ಹೇಳಿದ್ದೆವಲ್ರೀ?"

ನಾನು ಬಾವಲಿ ಹಿಕ್ಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮಷಿನ್ನಿನ ಎಣ್ಣೆಪುಡಿ ಎಂದು ಏನೋ ಹೇಳಿ ಕಳಿಸಿದೆ. ಹಲಗೆ ತೆಗೆಸಿಬಿಡೋಣ ಎಂದರು ನಮ್ಮ ಮನೆಯವರು. ಅಕ್ಕನಿಗೆ ಫೋನು ಮಾಡಿ ಕೇಳಿದೆ. "ನಿನ್ನ ಅಂಗಡೀಲಿ ಪುಕ್ಕಟೆ ಸೊಳ್ಳೆ ಹೊಡಿಯಾಕೆ ಕೆಲಸಕ್ಕೆ ಬಂದಾವೆ. ಅವನ್ನ ಓಡಿಸಿ ನೀನು ಸೊಳ್ಳೆಬತ್ತಿ ಹಚ್ಚಿ ಕೆಮ್ಮು. ನಿನ್ನಿಷ್ಟ" ಎಂದಳು. ಹಲಗೆಯನ್ನು ಹಾಗೆಯೇ ಬಿಟ್ಟೆ, ರವಿಕೆಗಳನ್ನು ಒಳಗೆ ತೂಗುಹಾಕಿದೆ.

ಇಷ್ಟು ಹೇಳಿದ ಮೇಲೆ ಆ ಬಾವಲಿಗಳನ್ನು ಮರದಿಂದ ಓಡಿಸಿದವಳು ಅಕ್ಕನೇ ಎಂದರೆ ನೀವು ನಂಬುವುದು ಕಷ್ಟ. ನನಗೂ ನಂಬಲು ಬಹಳ ದಿನ ಬೇಕಾಯಿತು.

ಅಕ್ಕನಿಗೆ ಒಬ್ಬಳೇ ಮಗಳು, ಮಂಜುಳ. ಅವಳನ್ನು ಚನ್ನಗಿರಿಗೆ ಕೊಟ್ಟಿದೆ. ಅಳಿಯ ಅಲ್ಲಿ ಅಡಿಕೆ ಮಂಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅವರ ಮಗಳು ಸಿಂಚನ, ಅಕ್ಕನ ಬಾಯಲ್ಲಿ ಚಿನ್ನು. ಭಾವ ಹೋದ ಮೇಲೆ ಅಕ್ಕನ ವರ್ಷದಲ್ಲಿ ಇದ್ದದ್ದು ಒಂದೇ ಹಬ್ಬ, ಚಿನ್ನುವಿನ ಬೇಸಿಗೆ ರಜೆ. ರಜೆ ಶುರುವಾಗುವ ಮೊದಲೇ ಅವಳಿಗೆಂದು ಮೊರ ಬೇರೆ, ಪುಟ್ಟ ಪೊರಕೆ ಬೇರೆ ತಂದಿಡುತ್ತಿದ್ದಳು. ಬೆಳಿಗ್ಗೆ ಎದ್ದು ಅಜ್ಜಿ ಮೊಮ್ಮಗಳು ಮರದ ಕೆಳಗೆ ಹೋಗಿ, ರಾತ್ರಿ ಬಾವಲಿ ಏನೇನು ತಂದು ಹಾಕಿದೆ ಎಂದು ಹುಡುಕುವುದು. ಅದರಲ್ಲಿ ಅರ್ಧ ಕಚ್ಚಿದ ಮಾವಿನ ಹಣ್ಣುಗಳೂ ಇರುತ್ತಿದ್ದವು. ಬಾವಲಿ ಕಚ್ಚಿದ ಹಣ್ಣು ಎಲ್ಲಕ್ಕಿಂತ ಸಿಹಿ ಎಂಬುದು ಅಕ್ಕನ ನಂಬಿಕೆ. ಕಚ್ಚಿದ ಭಾಗ ಕೊಯ್ದು ಎಸೆದು ಉಳಿದದ್ದನ್ನು ತೊಳೆದು ಮಗುವಿಗೆ ಕೊಡುತ್ತಿದ್ದಳು. ನಾವೂ ಹಾಗೇ ತಿಂದು ಬೆಳೆದವರು. ತಿನ್ನಬಾರದು ಎಂದು ಈಗ ಹೇಳುವುದು ಸರಿಯಾದ ಮಾತೇ. ಆಗ ನಮಗೆ ಹೇಳಿದವರಿರಲಿಲ್ಲ.

ಆ ಬೇಸಿಗೆಯಲ್ಲಿ ಟೀವಿ ತುಂಬ ಕೇರಳದ ಸುದ್ದಿ. ಬಾವಲಿಯಿಂದ ಬರುವ ಜ್ವರ, ಮದ್ದಿಲ್ಲದ ಜ್ವರ. ಸುದ್ದಿ ಹೇಳುವವರ ಹಿಂದೆ ಬಾವಲಿಯ ಮುಖವನ್ನು ಇಡೀ ಪರದೆಯಷ್ಟು ದೊಡ್ಡದಾಗಿ ತೋರಿಸುತ್ತಿದ್ದರು. ಅದೇ ವಾರ ಚಿನ್ನುವಿಗೆ ಜ್ವರ ಬಂತು. ಮಂಜುಳ ಓಡಿ ಬಂದು ಮಗುವನ್ನು ಚನ್ನಗಿರಿಗೆ, ಅಲ್ಲಿಂದ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆಸ್ಪತ್ರೆಯಿಂದ ಅಕ್ಕನಿಗೆ ಫೋನು ಮಾಡಿದಳು.

"ಅವ್ವಾ, ಖರೇ ಹೇಳು. ಆ ಎಂಜಲು ಹಣ್ಣು ಕೊಟ್ಟಿದ್ಯಾ?"

ಅಕ್ಕ ಕೊಟ್ಟಿದ್ದೆ ಎಂದಳು.

"ನನ್ನ ಮಗೀಗೆ ಏನಾರ ಆದ್ರೆ ನಿನ್ನ ಮರದ ಕೆಳಗೇ ತಂದು ಮಲಗಿಸ್ತೀನಿ, ನೋಡ್ಕೋ."

ಈ ಮಾತನ್ನು ಅಕ್ಕ ನನಗೆ ಹೇಳಿದ್ದು ಬಹಳ ತಿಂಗಳ ಮೇಲೆ, ಒಂದೇ ಸಲ. ಮಂಜುಳನನ್ನು ನಾನು ದೂರುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ತಾಯಿಯ ಬಾಯಿಂದ ಬಂದ ಮಾತನ್ನು ಅಳೆಯಬಾರದು. ಆದರೆ ಆ ಮಾತು ಕೇಳಿದ ಅಕ್ಕ ಫೋನು ಇಟ್ಟು ನೇರವಾಗಿ ಬಸಣ್ಣನ ಬಾಗಿಲಿಗೆ ಹೋದಳು.

"ಬಸಣ್ಣಾ, ಓಡಿಸಿಬಿಡಪ್ಪ ಅವನ್ನ" ಎಂದಳಂತೆ.

ಬಸಣ್ಣನೇ ಹಿಂದೆಮುಂದೆ ನೋಡಿದನಂತೆ. "ಗೌರಕ್ಕಾ, ಸಿಟ್ಟಿನಾಗೆ ಹೇಳ್ಬೇಡ. ನಾಳೆ ಕೇಳ್ತೀನಿ, ಆವಾಗ್ಲೂ ಇದನ್ನೇ ಹೇಳಿದ್ರೆ ನೋಡಾನ."

"ನಾಳೆ ಯಾಕೆ? ಇವತ್ತೇ ಓಡಿಸು. ನಾನೇ ಹೇಳ್ತಿದೀನಲ್ಲ."

ಊರಿನ ಹುಡುಗರಿಗೆ ಅಷ್ಟು ಸಾಕಾಯಿತು. ಟೀವಿ ನೋಡಿ ಎಲ್ಲರೂ ಹೆದರಿಕೊಂಡೇ ಇದ್ದರು. ಇದ್ದ ತಡೆ ಅಕ್ಕ ಒಬ್ಬಳೇ. ಮಧ್ಯಾಹ್ನ ಟೈರಿಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸಿದರು, ಡಬ್ಬ ಬಡಿದರು, ಸರಪಟಾಕಿಗಳನ್ನು ಬಿದಿರಿನ ಗಳಕ್ಕೆ ಕಟ್ಟಿ ಕೊಂಬೆಗಳ ಹತ್ತಿರಕ್ಕೇ ಎತ್ತಿ ಹಿಡಿದರು. ಸುಡುಬಿಸಿಲಿನಲ್ಲಿ ಬಾವಲಿಗಳು ಒಟ್ಟಿಗೇ ಎದ್ದವು. ಅಂಗಳಕ್ಕೆಲ್ಲ ನೆರಳು ಬಿತ್ತು ಎಂದು ನೋಡಿದವರು ಹೇಳಿದರು. ಅವು ಸುತ್ತಿ ಸುತ್ತಿ ಮರಕ್ಕೇ ಬರುತ್ತಿದ್ದವು. ಇಳಿಯಲು ಬಿಡಲಿಲ್ಲ.

ಯಾರ ತಲೆಗೂ ಹೊಳೆಯದೆ ಹೋದ ಸಂಗತಿ ಒಂದಿತ್ತು. ಅದು ಅವು ಮರಿ ಹಾಕಿದ ಕಾಲ. ಬಾವಲಿ ಹಕ್ಕಿಯಲ್ಲವಲ್ಲ, ಮರಿಗೆ ಹಾಲು ಕೊಡುವ ಪ್ರಾಣಿ. ಮರಿಗಳು ತಾಯಿಯ ಎದೆಗೆ ಕಚ್ಚಿಕೊಂಡಿದ್ದವು. ಆ ಗದ್ದಲದಲ್ಲಿ ಕೆಲವು ಉದುರಿದವು. ಹುಡುಗರು ಅಲ್ಲಿಗೆ ನಿಲ್ಲಿಸಿದರು. ಬಸಣ್ಣ ಗಳ ಬಿಸಾಡಿ ಮನೆಯೊಳಗೆ ಹೋದನಂತೆ. ಅಷ್ಟರಲ್ಲಿ ಮರ ಖಾಲಿಯಾಗಿತ್ತು.

ಅಕ್ಕ ಜೀವವಿದ್ದ ಒಂದು ಮರಿಯನ್ನು ಬಟ್ಟೆಯಲ್ಲಿ ಎತ್ತಿ ಮೊರದಲ್ಲಿ ಮಲಗಿಸಿಕೊಂಡಳು. ಹತ್ತಿಯಿಂದ ಹಾಲು ಹನಿಸಿದಳು. ಅದರ ಮುಖ ನಾಯಿಮರಿಯ ಮುಖದಂತೆ ಇತ್ತು, ಕಣ್ಣು ದೊಡ್ಡದು, ಅವಳ ಬೆರಳನ್ನು ಉಗುರಿನಿಂದ ಬಿಗಿಯಾಗಿ ಹಿಡಿದುಕೊಂಡಿತ್ತು ಎಂದು ಹೇಳುತ್ತಿದ್ದಳು. ಅದನ್ನು ಹಿಡಿದುಕೊಂಡು ಜಗಲಿಯ ಮೇಲೆ ಕೂತಿದ್ದಾಗಲೇ ಶಿವಮೊಗ್ಗದಿಂದ ಅಳಿಯನ ಫೋನು ಬಂತು. ರಕ್ತಪರೀಕ್ಷೆಯ ರಿಪೋರ್ಟು ಬಂದಿದೆ, ಟೈಫಾಯ್ಡ್ ಅಂತೆ, ಗಾಬರಿ ಏನಿಲ್ಲ, ನೀರಿನಿಂದ ಬಂದಿರಬಹುದು ಎಂದು ಡಾಕ್ಟರು ಹೇಳಿದರು ಎಂದ.

ಅಕ್ಕ "ಬದುಕಿದೆ ನಮ್ಮಪ್ಪಾ" ಎಂದಳಂತೆ. ಆಮೇಲೆ ಮೊರದ ಕಡೆ ನೋಡಿದಳಂತೆ. ಮರಿ ಬೆಳಗಾಗುವವರೆಗೆ ಉಳಿಯಲಿಲ್ಲ.

ಆ ವರ್ಷ ಕಾರಹುಣ್ಣಿಮೆ ಬಂತು, ಹೋಯಿತು. ಮರದ ಕೆಳಗೆ ಒಂದು ಬೀಜ ಬೀಳಲಿಲ್ಲ. ಗುಡ್ಡದ ಇಪ್ಪೆ ಮರಗಳಲ್ಲಿ ಹಣ್ಣು ಇದ್ದವು. ಅವು ತಮ್ಮ ತಮ್ಮ ಬುಡದಲ್ಲೇ ಬಿದ್ದು ಕೊಳೆತವು, ಹಂದಿ ದನ ತುಳಿದವು. ಅಲ್ಲಿಗೆ ಹೋಗಿ ಮುಳ್ಳಿನಲ್ಲಿ ಆಯ್ದು ತರುವ ಉತ್ಸಾಹ ಯಾರಿಗೂ ಇರಲಿಲ್ಲ. ಒಂದು ಊರಿನ ಕೂಲಿಯನ್ನು ಯಾರು ಮಾಡುತ್ತಿದ್ದರು ಎಂಬುದು ಕೆಲಸ ನಿಂತ ಮೇಲೆ ತಿಳಿಯಿತು. ಹನುಮಪ್ಪನ ಗುಡಿಗೆ ಪ್ಲಾಸ್ಟಿಕ್ ಬಾಟಲಿಯ ದೀಪದೆಣ್ಣೆ ಬಂತು. ಮರದ ಕೆಳಗೆ ಪ್ರತಿ ಮಳೆಗಾಲ ಏಳುತ್ತಿದ್ದ ಬೇವು, ನೇರಳೆ, ಇಪ್ಪೆ ಸಸಿಗಳನ್ನು ಅಕ್ಕ ಕಳೆ ಎಂದು ಕಿತ್ತು ಹಾಕುತ್ತಿದ್ದಳು. ಈಗ ಕೀಳಲು ಸಸಿ ಇರಲಿಲ್ಲ. ಬಸಣ್ಣನ ಕಾರು ಸ್ವಚ್ಛವಾಗಿ ನಿಂತಿರುತ್ತಿತ್ತು.

ಅಕ್ಕ ಸುಮ್ಮನೆ ಕೂರುವವಳಲ್ಲ. ಬಾವಲಿಗಳನ್ನು ವಾಪಸ್ಸು ಕರೆಸುವುದಕ್ಕೆ ಅವಳು ಕಂಡುಕೊಂಡ ಉಪಾಯ ನೆನೆದರೆ ಈಗಲೂ ನಗು ಬರುತ್ತದೆ. ಸಂತೆಯಲ್ಲಿ ಉಳಿದ ಪೇರಲ, ಬಾಳೆಹಣ್ಣು ತಂದು, ಈರುಳ್ಳಿ ಚೀಲದ ಬಲೆಯಲ್ಲಿ ತುಂಬಿ, ದೋಟಿಯ ತುದಿಗೆ ಸಿಕ್ಕಿಸಿ ಕೊಂಬೆಕೊಂಬೆಗೆ ತೂಗುಹಾಕಿದಳು. ಬೀಗರನ್ನು ಕರೆಯುವಾಗ ಬರಿಗೈಯಲ್ಲಿ ಕರೆಯಬಾರದು ಎಂಬ ಲೆಕ್ಕ. ನಾನು ಹೋಗಿದ್ದಾಗ ದೋಟಿ ಹಿಡಿಯುವ ಕೆಲಸ ನನಗೇ ಬಂತು.

"ಇನ್ನೂ ಮ್ಯಾಲೆ ಎತ್ತೇ. ಜಾಕೀಟು ಹೊಲಿದು ಹೊಲಿದು ನಿನ್ನ ಕೈ ಮೊಳದಷ್ಟೇ ಆಗ್ಯಾವೆ."

"ಅಕ್ಕಾ, ಅವಕ್ಕೆ ಹಣ್ಣು ಇಲ್ಲ ಅಂತ ಹೋದವೇನು? ಹೊಡೆದದ್ದಕ್ಕೆ ಹೋದವು."

"ಹೊಡೆದೋರು ಕರೆದ್ರೆ ಬರಬಾರ್ದು ಅಂತ ಎಲ್ಲೈತೆ? ನಮ್ಮವ್ವ ದಿನಾ ಹೊಡೀತಿದ್ಲು. ಉಣ್ಣಾಕೆ ಕರೆದ್ರೆ ನಾವು ಬರ್ತಿರ್ಲಿಲ್ಲೇನು?"

ಬಾವಲಿ ಬರಲಿಲ್ಲ. ಕೋತಿಗಳು ಬಂದವು. ಸುತ್ತಲಿನ ಮೂರು ಊರಿನ ಕೋತಿಗಳಿಗೆ ಸುದ್ದಿ ಮುಟ್ಟಿತು. ಬಲೆ ಹರಿದು ಹಣ್ಣು ತಿಂದು, ಅದು ಸಾಲದೆ ಬಸಣ್ಣನ ಮನೆಯ ಹೆಂಚು ಎತ್ತಿ, ಓಣಿಯವರ ಹಪ್ಪಳ ಸಂಡಿಗೆ ಎಲ್ಲ ಖಾಲಿ ಮಾಡಿದವು. ಊರ ಹೆಂಗಸರು ಸಾಲಾಗಿ ಅಕ್ಕನ ಬಾಗಿಲಿಗೆ ಬಂದರು.

"ಗೌರಕ್ಕಾ, ಬಾವಲಿ ನಮ್ಮ ಹಪ್ಪಳ ಮುಟ್ತಿರ್ಲಿಲ್ಲ ಕಣೇ. ಅವನ್ನ ಓಡಿಸಿ ಇವನ್ನ ತಂದು ಕೂರಿಸ್ದೆಲ್ಲ!"

ಅಕ್ಕನೂ ನಕ್ಕಳು. ಆದರೆ ಆಮೇಲೆ ಹಣ್ಣು ಕಟ್ಟಲಿಲ್ಲ.

ಅಕ್ಕನಿಗೆ ಬೇಕಾಗಿದ್ದದ್ದು ಬಾವಲಿ ಅಲ್ಲ, ಚಿನ್ನು ಎಂದು ನನಗೆ ತಿಳಿದದ್ದು ಸ್ವಲ್ಪ ತಡವಾಗಿ. ಮರ ಖಾಲಿಯಾಗಿದೆ, ಹೆದರಿಕೆ ಇಲ್ಲ, ರಜೆಗೆ ಮಗು ಬರುತ್ತದೆ ಎಂದು ಅವಳು ತಿಳಿದಿದ್ದಳು. ಬಾವಲಿಗಳನ್ನು ಓಡಿಸಿದ್ದು ಮಗುವಿಗಾಗಿಯೇ ಅಲ್ಲವೇ. ಮುಂದಿನ ಬೇಸಿಗೆಯಲ್ಲಿ ಮಂಜುಳ, ಈ ಸಲ ಟ್ಯೂಷನ್ ಇದೆ ಎಂದಳು. ಅದರ ಮುಂದಿನ ವರ್ಷ ಡ್ಯಾನ್ಸ್ ಕ್ಲಾಸು. ಆಮೇಲೆ ಬಿಸಿಲು ಜಾಸ್ತಿ ಎಂದಳು, ಚನ್ನಗಿರಿಯಲ್ಲಿ ಬಿಸಿಲೇ ಇಲ್ಲವೆಂಬಂತೆ. ಅಕ್ಕ ಹಬ್ಬಕ್ಕೆ ತಾನೇ ಚನ್ನಗಿರಿಗೆ ಹೋಗಿ ಮೊಮ್ಮಗಳನ್ನು ನೋಡಿ ಬರುತ್ತಿದ್ದಳು. ಮಗಳ ಮನೆಯಲ್ಲಿ ಸೋಫಾದ ತುದಿಗೆ ಕೂತು, ಕಾಫಿ ಕುಡಿದು, ಸಂಜೆಯ ಬಸ್ಸು ಹಿಡಿಯುವುದು. ಆದರೆ ಹೋಗಿ ನೋಡುವುದು ಬೇರೆ, ಬಂದು ಜೊತೆಗಿರುವುದು ಬೇರೆ.

"ಚಿನ್ನೂನ್ನೇ ಕೇಳು, ಬರ್ತೀಯಾ ಅಂತ. ಅವಳು ಹಟ ಮಾಡಿದ್ರೆ ಮಂಜುಳ ಕಳಿಸ್ತಾಳೆ" ಎಂದು ನಾನು ಹೇಳಿಕೊಟ್ಟೆ.

"ಬ್ಯಾಡ. ಮಗೀನ ಕಿವಿ ಊದಿ ತಾಯಿ ಮ್ಯಾಲೆ ಎತ್ತಿ ಕಟ್ಟಬಾರ್ದು. ಕಳಿಸೋಳು ಅವ್ಳು. ಅವ್ಳನ್ನೇ ಕೇಳ್ತೀನಿ." ಹಾಗೆಯೇ ಕೇಳಿದಳು. ಮಗುವಿನ ಹತ್ತಿರ ಫೋನಿನಲ್ಲಿ ಉಂಡೆಯಾ, ಓದುತ್ತೀಯಾ ಎನ್ನುವುದರ ಆಚೆಗೆ ಮಾತು ಹೋಗಲಿಲ್ಲ.

ಬಾವಲಿಗಳು ಮರಕ್ಕೆ ವಾಪಸ್ಸು ಬಂದರೆ ಎಲ್ಲ ಮೊದಲಿನ ಹಾಗೆ ಆಗುತ್ತದೆ ಎಂದು ಅವಳ ಮನಸ್ಸಿನಲ್ಲಿ ಎಲ್ಲೋ ಗಂಟು ಬಿದ್ದಿತ್ತು. ಬಾವಲಿ ಇದೆ ಎಂದು ಮಗು ಬರುತ್ತಿಲ್ಲವೋ, ಬಾವಲಿ ಇಲ್ಲ ಎಂದು ಬರುತ್ತಿಲ್ಲವೋ ಎಂಬುದೇ ಕೊನೆಗೆ ಕಲಸಿಹೋಯಿತು. ಹೃದಯದ ತೊಂದರೆ ಶುರುವಾಗಿ ಹಾಸಿಗೆ ಹಿಡಿದ ಮೇಲೆ ಸಂಜೆಯಾದರೆ ನನ್ನ ಫೋನಿಗೆ ಕಾಯುತ್ತಿದ್ದಳು.

"ಬಂದ್ವೇನೇ?"

"ಬಂದ್ವು. ಸೇತುವೆ ದಾಟಿ ಹೋದ್ವು."

"ಯಾವ ಕಡೆಗೆ?"

ಅವು ಹೋಗುತ್ತಿದ್ದುದು ಅವಳ ಊರಿನ ದಿಕ್ಕಿಗಲ್ಲ. ನಾನು ಇದ್ದದ್ದನ್ನೇ ಹೇಳುತ್ತಿದ್ದೆ. ಅಕ್ಕನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

"ಇರ್ಲಿ ಬಿಡು. ಎಲ್ಲೋ ಒಂದು ಕಡೆ ಜಾಗ ಕೊಟ್ಟಾರಲ್ಲ ಯಾರೋ" ಎನ್ನುತ್ತಿದ್ದಳು. ಆಮೇಲೆ, "ಮಂಜುಳ ಫೋನು ಮಾಡಿದ್ಲೇನು?" ಎನ್ನುತ್ತಿದ್ದಳು.

ಅವಳು ಹೋದಾಗ ಚಿನ್ನುವಿಗೆ ಪರೀಕ್ಷೆ ನಡೆಯುತ್ತಿತ್ತು. ಮಂಜುಳ ಒಬ್ಬಳೇ ಬಂದಳು. ಅಷ್ಟು ಅತ್ತವಳನ್ನು ನಾನು ಇತ್ತೀಚೆಗೆ ನೋಡಿಲ್ಲ. ಮಣ್ಣು ಮಾಡಿ ಬಂದ ಮೇಲೆ, ಹಿತ್ತಲಲ್ಲಿ ನಿಂತು ಮರವನ್ನೇ ನೋಡುತ್ತಿದ್ದಳು. ನಾನು ಹತ್ತಿರ ಹೋಗಲಿಲ್ಲ.

ಮೊನ್ನೆ ವರ್ಷದ ಕಾರ್ಯಕ್ಕೆ ಚಿನ್ನು ಬಂದಿದ್ದಳು. ನಾನು ಗುರುತು ಹಿಡಿಯುವುದಕ್ಕೆ ಒಂದು ಕ್ಷಣ ಬೇಕಾಯಿತು. ತಾಯಿಯಷ್ಟು ಎತ್ತರ, ಕನ್ನಡಕ, ಮಾತು ಕಡಿಮೆ. ನೆಂಟರ ಊಟ ಮುಗಿದ ಮೇಲೆ ಹಿತ್ತಲಲ್ಲಿ ಮಂಜುಳ ಪಾತ್ರೆ ತೊಳೆಯುತ್ತಿದ್ದಳು. ನಾನು ತೊಳೆದದ್ದನ್ನು ಬೋರಲು ಹಾಕುತ್ತಿದ್ದೆ. ಚಿನ್ನು ಮರದ ಬುಡಕ್ಕೆ ಹೋಗಿ ಕತ್ತೆತ್ತಿ ನೋಡಿ ವಾಪಸ್ಸು ಬಂದಳು.

"ಸಣ್ಣಜ್ಜಿ, ಇಲ್ಲಿ ಬಾವಲಿ ಇರ್ತಿದ್ವಲ್ಲ, ಎಲ್ಲಿ ಹೋದ್ವು?"

ಮಂಜುಳ ಇನ್ನೊಂದು ಪಾತ್ರೆ ಎಳೆದುಕೊಂಡಳು. ನಾನು "ಓಡಿಸಿದ್ರು ಮಗಳೇ. ನಿನಗೆ ಆ ಜ್ವರ ಬಂದಾಗ" ಎಂದೆ.

"ಯಾವ ಜ್ವರ?"

ನಾನು ಅವಳ ಮುಖ ನೋಡಿದೆ. ಅವಳು ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದಳು. ಶಿವಮೊಗ್ಗದ ಆಸ್ಪತ್ರೆ, ಸೂಜಿ, ಯಾವುದೂ ಅವಳ ತಲೆಯಲ್ಲಿ ಇರಲಿಲ್ಲ.

"ಜ್ವರ ಗೊತ್ತಿಲ್ಲ. ಅಜ್ಜಿ ಮಾವಿನ ಹಣ್ಣು ಕೊಯ್ದು ಕೊಡ್ತಿದ್ದದ್ದು ನೆನಪಿದೆ. ನಂಗೇ ಅಂತ ಒಂದು ಸಣ್ಣ ಪೊರಕೆ ಇತ್ತು" ಎಂದಳು. ಕನ್ನಡಕ ತೆಗೆದು ಲಂಗದ ಅಂಚಿಗೆ ಒರೆಸಿಕೊಂಡಳು. "ಆಮೇಲೆ ಅಜ್ಜಿ ನನ್ನ ಕರೀಲೇ ಇಲ್ಲ. ನಾನು ಏನಾದ್ರೂ ತಪ್ಪು ಮಾಡಿದ್ನೇನೋ ಅಂದ್ಕೊಂಡಿದ್ದೆ."

ಮಂಜುಳನ ಕೈಯಲ್ಲಿದ್ದ ಸೌಟು ತೊಳೆದೂ ತೊಳೆದೂ ಅಲ್ಲೇ ಇತ್ತು. ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು.

"ಕರೆದ್ಲು" ಎಂದೆ. "ಪ್ರತಿ ಬೇಸಿಗೇಲೂ ಕರೆದ್ಲು."

ಚಿನ್ನು ನನ್ನನ್ನು ಬಿಟ್ಟು ತಾಯಿಯ ಕಡೆ ತಿರುಗಿದಳು.